ಮೂಗು ತೆರೆದ ದಿನದ ಪೇಢೆ

ಯೆರವಡಾ, ಪುಣೆ
೧೪ ಜೂನ್ ೧೯೯೭

ಚಿ. ನೀತಾಳಿಗೆ,

ಇಂಡಿ ತಾಲೂಕಿನ ಮುಲ್ಕಿ ಪರೀಕ್ಷೆಯಲ್ಲಿ ಮೂರನೆಯವನಾಗಿ ಪಾಸಾದ, ಪರೀಕ್ಷಕರ ಕಣ್ಣು ನೆಟ್ಟಗಿದ್ದಿದ್ದರೆ ಮೊದಲನೆಯವನೇ ಆಗುತ್ತಿದ್ದ ನಿನ್ನ ಮಾಮಾ ರಾಮಲಿಂಗಪ್ಪ ಕೈಯಾರೆ ಬರೆಯುವ ಪತ್ರವಿದು. ಜೋಪಾನವಾಗಿಡು. ಮುಂದೆ ಇಂಥ ಅಕ್ಷರ ನೋಡಲು ಸಿಗುವುದಿಲ್ಲ.

ನೀನು ಲಖನೌಗೆ ಹೋಗಿ ಹದಿನೈದು ದಿನವಾಯಿತು. ಎಸ್‌ಟಿಡಿ ಬೂತಿಗೆ ಹೋದರೆ ನಿನ್ನ ಅತ್ತೆ ಭೀಮವ್ವ ಫೋನು ಕಸಿದುಕೊಂಡು ‘ಉಂಡೀ ಏನ ನೀತಾ? ಏನ ಉಂಡಿ?’ ಎನ್ನುವುದರಲ್ಲೇ ಮೀಟರು ಓಡಿಹೋಗುತ್ತದೆ. ನನ್ನಂಥ ಮಾತುಗಾರನಿಗೆ ಪತ್ರವೇ ಸರಿ.

ನಮ್ಮ ನೀತಾ ವಿಷದ ಮೇಲೆ ಡಾಕ್ಟರಿ ಮಾಡುತ್ತಿದ್ದಾಳೆ ಎಂದು ಚಾಳಿಗೆಲ್ಲ ಹೇಳಿದ್ದೇನೆ. ಮೂಲೆಮನೆಯ ಬಸವಣ್ಣೆವ್ವ ಬಾಯಿಗೆ ಸೆರಗು ಹಿಡಿದು, ‘ಯಾರಿಗ ಹಾಕಾಕೀನ ಯಪ್ಪಾ ವಿಷಾ?’ ಅಂದಳು. ‘ಮೊದಲ ನಿನಗ’ ಅಂದೆ. ಅಂದಿನಿಂದ ನಮ್ಮ ಮನೆಯ ಚಹಾ ಮುಟ್ಟಿಲ್ಲ. ಸಕ್ಕರೆ ಉಳಿಯುತ್ತಿದೆ.

ನಿನಗೆ ನೆನಪಿದೆಯೋ ಇಲ್ಲವೋ. ಹಳ್ಳಿಯಲ್ಲಿ ಶಾಲೆ ದೂರವೆಂದು ನಿನ್ನವ್ವ ಅನುಸೂಯಾ ನಿನ್ನನ್ನು ನಮ್ಮ ಖೋಲಿಗೆ ತಂದುಬಿಟ್ಟಾಗ ನಿನಗೆ ಏಳು ವರ್ಷ. ಒಂದು ವಾರ ಅತ್ತೆ. ಕಡೆಗೆ ಜೇಜುರಿಗೆ ಕರೆದೊಯ್ದೆ. ಅಲ್ಲಿ ಮೆಟ್ಟಿಲ ಮೇಲೆ ಜನ ಖಂಡೋಬನ ಹೆಸರು ಹೇಳಿ ಅರಿಶಿನದ ಭಂಡಾರ ಎರಚುವುದನ್ನು ಕಂಡು ಇನ್ನೂ ಜೋರಾಗಿ ಅತ್ತೆ. ಆಗ ನಾನು ಒಂದು ಹಳದಿ ದಾರ ತೆಗೆದು ನನ್ನ ಬಲ ಹೊಳ್ಳೆಯಲ್ಲಿ ಹಾಕಿ ಎಡ ಹೊಳ್ಳೆಯಿಂದ ಸರ್ರೆಂದು ಎಳೆದೆ. ನಿನ್ನ ಅಳು ಅಲ್ಲೇ ನಿಂತಿತು. ‘ಮಾಮಾ, ಇನ್ನೊಮ್ಮೆ!’ ಎಂದೆ. ಸುತ್ತಲಿನ ಮುದುಕಿಯರು ನನ್ನ ಕಾಲು ಮುಟ್ಟಿದರು. ನಾನೂ ಬೇಡವೆನ್ನಲಿಲ್ಲ.

ಅದೇನು ಎಲ್ಲರಿಗೂ ಬರುವ ವಿದ್ಯೆಯಲ್ಲ. ಕಬ್ಬಿಣಕ್ಕೆ ಕ್ರೋಮ್ ಹೊಳಪು ಏರಿಸುವ ಭೋಸರಿಯ ನಮ್ಮ ವರ್ಕ್‌ಶಾಪಿನಲ್ಲಿ ತೊಟ್ಟಿಯ ಮುಂದೆ ಎರಡು-ಮೂರು ವರ್ಷ ನಿಂತವನಿಗೆ ಮಾತ್ರ ಮೂಗಿನ ಒಳಗೋಡೆ ತೆರೆಯುತ್ತದೆ. ಮೂಗು ತೆರೆದ ದಿನ ಅವನು ಕಚ್ಚಾ ಆಳಲ್ಲ, ಪಕ್ಕಾ ಕಾರಾಗೀರ. ಆ ದಿನ ಎಲ್ಲರಿಗೂ ಪೇಢೆ. ನನ್ನದು ಎಪ್ಪತ್ತಾರರಲ್ಲಿ ತೆರೆಯಿತು. ನಾನು ಮೇಸ್ತ್ರಿಯಾದ ಮೇಲೆ ಹನ್ನೊಂದು ಜನರ ಪೇಢೆ ನನ್ನ ಕೈಯಿಂದಲೇ ಹಂಚಿದ್ದೇನೆ.

ಇದನ್ನು ಬರೆಯುವಾಗ ಭೀಮವ್ವ ಶೇಂಗಾ ಹುರಿಯುತ್ತಿದ್ದಾಳೆ. ಆಹಾ, ಏನು ಘಮ! ಅಲ್ಲಿಯತನಕ ಬಂತೇನು?

ನಿನ್ನ ಮಾಮಾ,
ರಾಮಲಿಂಗಪ್ಪ ಮೇಸ್ತ್ರಿ

*

ಲಖನೌ
೨ ಆಗಸ್ಟ್ ೧೯೯೭

ಮಾಮಾ ಅವರಿಗೆ ನಿಮ್ಮ ನೀತಾಳ ನಮಸ್ಕಾರ.

ಪತ್ರ ಮೂರು ಸಲ ಓದಿದೆ. ಬಸವಣ್ಣೆವ್ವನಿಗೆ ಚಹಾ ಕುಡಿಸಿ, ಪಾಪ.

ನನ್ನ ಕೆಲಸ ಏನೆಂದು ಫೋನಿನಲ್ಲಿ ಕೇಳಿದ್ದಿರಿ. ನಮ್ಮ ಚಾಳಿನ ನಳವನ್ನೇ ನೆನೆಸಿಕೊಳ್ಳಿ. ನೀರು ಬಂದದ್ದು ಮೊದಲ ಖೋಲಿಯವರಿಗೆ ಕಾಣುತ್ತದೆ. ಅವರು ‘ನೀರ ಬಂತೂ’ ಎಂದು ಕೂಗಿದರೆ ಎರಡನೆಯವರು ಮೂರನೆಯವರಿಗೆ ಕೂಗುತ್ತಾರೆ. ಕೂಗು ಕೊನೆಯ ಖೋಲಿಗೆ ಮುಟ್ಟಿದಾಗ ಅತ್ತೆ ಅಟ್ಟದಿಂದ ಕೊಡ ಇಳಿಸುತ್ತಾರೆ. ಮದುವೆಯ ಹಂಡೆ, ಹೋಳಿಗೆಯ ತವೆ ಅಲ್ಲೇ ಇದ್ದರೂ ಇಳಿಸುವುದಿಲ್ಲ. ಇಳಿಸುವುದು ಕೊಡ ಮಾತ್ರ.

ದೇಹದ ಪ್ರತಿ ಜೀವಕೋಶವೂ ಹೀಗೆಯೇ. ಹೊರಗೋಡೆಗೆ ಬಂದ ಸುದ್ದಿ ಬಾಯಿಂದ ಬಾಯಿಗೆ ಒಳಗೆ ಹೋಗುತ್ತದೆ. ಒಳಗೆ ವಂಶವಾಹಿಗಳೆಂಬ ಪಾತ್ರೆಗಳ ಅಟ್ಟವಿದೆ. ಎಲ್ಲ ಪಾತ್ರೆ ಎಲ್ಲ ಕೋಶದಲ್ಲೂ ಇರುತ್ತವೆ. ಯಾವಾಗ ಯಾವುದು ಕೆಳಗಿಳಿಯುತ್ತದೆ ಎಂಬುದೇ ಸಂಗತಿ. ವಿಷ ಬಂದರೆ ಆ ಕೂಗು ಎಲ್ಲಿ ಕೆಡುತ್ತದೆ, ಯಾವ ಪಾತ್ರೆ ತಪ್ಪಿ ಇಳಿಯುತ್ತದೆ ಎಂದು ನಾನು ನೋಡಬೇಕು. ನನಗೆ ಕೊಟ್ಟಿರುವುದು ಲೋಹಗಳ ವಿಷ.

ಸುಮ್ಮನೆ ಕೇಳುತ್ತೇನೆ. ನಿಮ್ಮ ತೊಟ್ಟಿಯ ನೀರು ಯಾವ ಬಣ್ಣ? ಮೇಲೆ ಹೊಗೆ ಏಳುತ್ತದೆಯೇ? ಮುಖಕ್ಕೆ ಏನಾದರೂ ಕಟ್ಟಿಕೊಳ್ಳುತ್ತೀರಾ?

ನೀತಾ

*

ಯೆರವಡಾ, ಪುಣೆ
೨೫ ಆಗಸ್ಟ್ ೧೯೯೭

ಚಿ. ನೀತಾಳಿಗೆ,

ನನಗೆ ಗೊತ್ತಿತ್ತು! ಮಾಮಾನ ಕಸುಬಿನ ಮೇಲೆ ಪುಸ್ತಕ ಬರೆಯುವ ಆಸೆ ನಿನಗೆ. ಸಂಕೋಚವೇಕೆ, ನೇರವಾಗಿ ಕೇಳು.

ಬರೆದುಕೋ. ತೊಟ್ಟಿಯ ನೀರು ಕಡುಗೆಂಪು. ಕರೆಂಟು ಬಿಟ್ಟೊಡನೆ ಗುಳ್ಳೆ ಎದ್ದು, ಮಾಘದ ಮಂಜಿನ ಹಾಗೆ ಹೊಗೆ ಮೇಲೇಳುತ್ತದೆ. ತೊಟ್ಟಿಯೊಳಗೆ ಸೈಲೆನ್ಸರ್ ಮುಳುಗಿಸಿ, ಎಣಿಸಿದಷ್ಟು ಹೊತ್ತಿಗೆ ಎತ್ತಬೇಕು. ಬೇರೆಯವರು ಗಡಿಯಾರ ನೋಡುತ್ತಾರೆ, ನಾನು ನೋಡುವುದಿಲ್ಲ. ಪುಣೆಯ ಯಾವ ಮೋಟರ್‌ಸೈಕಲ್ಲಿನ ಸೈಲೆನ್ಸರಿನಲ್ಲಾದರೂ ನಿನ್ನ ಮುಖ ಕಂಡರೆ, ಆ ಹೊಳಪು ನನ್ನದೆಂದು ತಿಳಿ.

ಮುಖಕ್ಕೆ ಕಟ್ಟಿಕೊಳ್ಳುವುದೇ? ಅದು ಕಚ್ಚಾ ಆಳುಗಳ ಕೆಲಸ.

ಇನ್ನೊಂದು ವಿಶೇಷ ಕೇಳು. ಆ ಮಂಜು ಅಂಗಿಯ ಮೇಲೆ ಒಣಗಿದರೆ ಹಳದಿಯಾಗುತ್ತದೆ, ಥೇಟು ಭಂಡಾರ. ತೊಟ್ಟಿಯ ಮೇಲಿನ ಗೋಡೆಗೆ ಖಂಡೋಬನ ಫೋಟೋ ಹಾಕಿದ್ದೇವೆ. ಅದರ ಗಾಜಿನ ಮೇಲೂ ತಾನಾಗಿಯೇ ಹಳದಿ ಕೂರುತ್ತದೆ. ಯಾರೂ ಹಚ್ಚಿದ್ದಲ್ಲ. ದೇವರೇ ಭಂಡಾರ ತರಿಸಿಕೊಳ್ಳುತ್ತಾನೆಂದು ನಾವು ಇಪ್ಪತ್ತು ವರ್ಷದಿಂದ ಅದನ್ನು ಒರೆಸಿಲ್ಲ. ಅದಕ್ಕೇ ನಮ್ಮ ಮೂಗು ತೆರೆಯುವುದೂ ಅವನ ಕೃಪೆಯೇ. ಇದನ್ನು ನಿನ್ನ ಪುಸ್ತಕದ ಮೊದಲ ಪುಟದಲ್ಲಿ ಹಾಕು.

ಮಾಂತು ಐಟಿಐ ಮುಗಿಸಿದ. ಹತ್ತೊಂಬತ್ತು ವರ್ಷಕ್ಕೇ ನನ್ನ ಭುಜಕ್ಕಿಂತ ಮೇಲೆ ಬೆಳೆದಿದ್ದಾನೆ. ದೀಪಾವಳಿಯಿಂದ ನನ್ನ ತೊಟ್ಟಿಗೇ ಹಚ್ಚುತ್ತೇನೆ. ಅಪ್ಪನ ಕಸುಬು ಮಗನಿಗೆ. ಹನ್ನೆರಡನೆಯ ಪೇಢೆ ನನ್ನ ಮಗನದೇ ಆಗಲಿ.

ನಿನ್ನ ಮಾಮಾ

*

ಲಖನೌ
೨೦ ಸೆಪ್ಟೆಂಬರ್ ೧೯೯೭

ಮಾಮಾ,

ನಮ್ಮ ಪ್ರಯೋಗಾಲಯದ ಶಾಮಲಾ ಪುಣೆಯವಳೇ, ಊರಿಗೆ ಹೊರಟಿದ್ದಾಳೆ. ಅವಳ ಕೈಯಲ್ಲಿ ಅತ್ತರಿನ ಒಂದು ಸಣ್ಣ ಶೀಶೆ ಕಳಿಸಿದ್ದೇನೆ. ಇಲ್ಲಿನ ಅತ್ತರು ಹೆಸರುವಾಸಿ. ಹಚ್ಚಿಕೊಂಡು, ಅದು ಯಾವ ಹೂವೆಂದು ನನಗೆ ಬರೆಯಿರಿ. ಯಾರನ್ನೂ ಕೇಳಬೇಡಿ, ನೀವೇ ಹೇಳಬೇಕು.

ಮಾಂತು ದೀಪಾವಳಿಯ ಮೇಲೆ ಒಂದು ತಿಂಗಳು ತಡೆಯಲಾರನೇ?

ನೀತಾ

*

ಯೆರವಡಾ, ಪುಣೆ
೧೨ ಅಕ್ಟೋಬರ್ ೧೯೯೭

ಚಿ. ನೀತಾಳಿಗೆ,

ಶೀಶೆ ಮುಟ್ಟಿತು. ಮುಚ್ಚಳ ತೆಗೆಯುವುದೇ ತಡ, ಖೋಲಿಯೆಲ್ಲ ಕೇದಿಗೆಯ ಬನವಾಯಿತು! ಹೌದೋ ಅಲ್ಲವೋ ಹೇಳು, ಕೇದಿಗೆ. ನನ್ನ ಮೂಗಿಗೆ ಪರೀಕ್ಷೆ ಇಡುತ್ತೀಯಾ ಹುಡುಗಿ? ಕಿವಿಯ ಹಿಂದೆ ಒಂದು ಹನಿ ಹಚ್ಚಿಕೊಂಡು ವರ್ಕ್‌ಶಾಪಿಗೆ ಹೋದೆ. ನಮ್ಮ ನೀತಾ ಅತ್ತರು ಕಳಿಸಿದ್ದಾಳೆ ಅಂದೊಡನೆ ನನ್ನ ಜೊತೆಗಾರ ಧರ್ಮರಾಜ ‘ಏನ ಮೇಸ್ತ್ರಿ, ಎರಡನೇ ಲಗ್ನ ಏನ?’ ಅಂದ. ನಮ್ಮ ಹಳ್ಳಿಯ ಹಳ್ಳದ ದಂಡೆಯ ಕೇದಿಗೆ ಮೆಳೆ ಕಣ್ಣ ಮುಂದೆ ಬಂತು. ಹಾವಿರುತ್ತದೆಂದು ಎಲ್ಲರೂ ಹೆದರುತ್ತಿದ್ದಾಗ ಒಳಗೆ ನುಗ್ಗಿ ನಿನ್ನವ್ವನ ಜಡೆಗೆ ಹೂ ತರುತ್ತಿದ್ದವನು ನಾನೊಬ್ಬನೇ.

ಭೀಮವ್ವನೂ ಮೂಸಿದಳು. ‘ಭಾಳ ಛಲೋ ಅದರಿ’ ಅಂದಳು.

ಒಳ್ಳೆಯ ದಿನ ನೋಡಿಯಾಗಿದೆ. ದೀಪಾವಳಿ ಪಾಡ್ಯದಂದು ಮಾಂತು ಕೆಲಸಕ್ಕೆ ಬರುತ್ತಾನೆ.

ನಿನ್ನ ಮಾಮಾ

*

ಲಖನೌ
೨೪ ಅಕ್ಟೋಬರ್ ೧೯೯೭

ಮಾಮಾ,

ಆ ಶೀಶೆಯಲ್ಲಿ ಅತ್ತರು ಇರಲಿಲ್ಲ. ಪ್ರಯೋಗಾಲಯದ ಪ್ಯಾರಾಫಿನ್ ಎಣ್ಣೆ. ಅದಕ್ಕೆ ಯಾವ ವಾಸನೆಯೂ ಇಲ್ಲ.

ನಾನು ಇಲ್ಲಿಗೆ ಬಂದ ಎರಡನೆಯ ವಾರ ನಮ್ಮ ಸರ್ ಹಳೆಯ ಪುಸ್ತಕದ ಒಂದು ಚಿತ್ರ ತೋರಿಸಿದರು. ಒಬ್ಬ ಕೆಲಸಗಾರನ ಮೂಗು; ಒಂದು ಹೊಳ್ಳೆಯಲ್ಲಿ ಹಾಕಿದ ಕಡ್ಡಿ ಇನ್ನೊಂದರಿಂದ ಹೊರಬಂದಿದೆ. ಎಲ್ಲರೂ ಮುಖ ತಿರುವಿದರು. ನನಗೆ ಮಾತ್ರ ‘ಇನ್ನೊಮ್ಮೆ!’ ಎಂದು ಚಪ್ಪಾಳೆ ತಟ್ಟುವ ಮನಸ್ಸಾಯಿತು. ಕೆಳಗಿನ ಸಾಲು ಓದಿದ ಮೇಲೆ ಎದ್ದು ಹೊರಗೆ ಹೋದೆ. ಕ್ರೋಮ್ ತೊಟ್ಟಿಯ ಮಂಜಿನಿಂದ ಆಗುವ ಹುಣ್ಣು, ಅದರಿಂದ ಆದ ತೂತು ಎಂದು ಬರೆದಿತ್ತು.

ಗಾಜಿನ ಮೇಲಿನ ಹಳದಿ ಭಂಡಾರವಲ್ಲ ಮಾಮಾ, ವಿಷ. ನಮ್ಮ ಕೋಶಗಳಿಗೆ ಗಂಧಕದ ಒಂದು ಲವಣ ಬೇಕು. ಅದು ಬಂದರೆ ಬಾಗಿಲು ತೆರೆಯುತ್ತವೆ. ನಿಮ್ಮ ಕ್ರೋಮ್ ಅದರದೇ ರೂಪದಲ್ಲಿ ಬರುತ್ತದೆ. ದಿಬ್ಬಣದವರಂತೆ ರುಮಾಲು ಸುತ್ತಿಕೊಂಡು ಕಳ್ಳ ಮದುವೆಮನೆ ಹೊಕ್ಕ ಹಾಗೆ. ಒಳಗೆ ಹೋದ ಮೇಲೆ ರುಮಾಲು ಕಳಚುತ್ತಾನೆ, ಕೈಗೆ ಸಿಕ್ಕಿದ್ದನ್ನೆಲ್ಲ ಒಡೆಯುತ್ತಾನೆ. ಆಮೇಲೆ ಕೂಗುವವರು ತಪ್ಪು ಕೂಗುತ್ತಾರೆ. ಗಾಯ ಮಾಯಿಸುವ ಪಾತ್ರೆಗಳು ಕೆಳಗಿಳಿಯುವುದಿಲ್ಲ, ಇಳಿಯಬಾರದವು ಇಳಿಯುತ್ತವೆ. ಮೂಗಿನಲ್ಲಿ ಅದು ತೂತು. ಎದೆಯೊಳಗೆ ವರ್ಷಗಟ್ಟಲೆ ನಡೆದರೆ ಕ್ಯಾನ್ಸರ್ ಕೂಡ ಆಗಬಹುದು.

ನಿಮ್ಮನ್ನು ಪರೀಕ್ಷಿಸಿದ್ದಕ್ಕೆ ಬೈಯಿರಿ. ಮಾಂತುವನ್ನು ಮಾತ್ರ ತೊಟ್ಟಿಗೆ ಕಳಿಸಬೇಡಿ.

ನೀತಾ

*

ಲಖನೌ
೫ ಡಿಸೆಂಬರ್ ೧೯೯೭

ಮಾಮಾ,

ಆರು ವಾರವಾಯಿತು. ಬೂತಿನಿಂದ ಅತ್ತೆ ಫೋನು ಮಾಡಿದ್ದರು. ‘ಏನ ಉಂಡಿ?’ ಎಂದರು. ನಿಮ್ಮನ್ನು ಕೇಳಿದರೆ ‘ಹೊರಗ ಹೋಗ್ಯಾರ’ ಎಂದರು. ಹಿಂದೆ ನಿಮ್ಮ ಕೆಮ್ಮು ಕೇಳಿಸುತ್ತಿತ್ತು.

ನೀತಾ

*

ಯೆರವಡಾ, ಪುಣೆ
೧೮ ಫೆಬ್ರವರಿ ೧೯೯೮

ನೀತಾಳಿಗೆ,

ಸ್ವಂತ ಮಾಮಾನನ್ನೇ ಪ್ರಯೋಗದ ಇಲಿ ಮಾಡಿದೆಯಲ್ಲ, ಶಾಬಾಸ್. ಊರಿಗೆಲ್ಲ ಟೋಪಿ ಹಾಕಿದವನು ನಾನು. ನನಗೇ ಹಾಕಿದ ಮೊದಲ ಪ್ರಾಣಿ ನೀನು. ಯಾರ ಕೈಯಲ್ಲಿ ಬೆಳೆದವಳು, ಹಾಗೇ ಇರಬೇಕು.

ನಿನ್ನ ಪತ್ರವನ್ನು ಹರಿಯಬೇಕೆಂದು ಕೈಗೆತ್ತಿಕೊಂಡೆ. ಮತ್ತೆ ಮಡಚಿ ಟ್ರಂಕಿನಲ್ಲಿಟ್ಟೆ. ಪುಸ್ತಕ ಓದಿದ ಹುಡುಗಿ, ಏನೋ ಬರೆದಿದ್ದಾಳೆ ಎಂದುಕೊಂಡೆ. ಪಾಡ್ಯದಂದು ಮಾಂತುವನ್ನು ತೊಟ್ಟಿಗೆ ಹಚ್ಚಿಯೇಬಿಟ್ಟೆ. ಅದನ್ನು ನಿನಗೆ ಹೇಗೆ ಬರೆಯಲಿ? ಅದಕ್ಕೇ ಬರೆಯಲಿಲ್ಲ.

ಮೊನ್ನೆ ಸೋಮವಾರ ಊಟದ ವೇಳೆಗೆ ಮಾಂತು ಮೂಗು ಒರೆಸಿಕೊಂಡ. ಕರವಸ್ತ್ರದ ಮೇಲೆ ರಕ್ತ. ಧರ್ಮರಾಜ ನೋಡಿ ಕುಣಿದಾಡಿದ.

‘ಏ ಮೇಸ್ತ್ರೀ! ನಿನ್ನ ಮಗ ಮೂರ ತಿಂಗಳಿಗೇ ಶುರು ಮಾಡ್ಯಾನಲೇ! ಪೇಢೆ ಎಲ್ಲಿ?’

‘ಹುಲಿ ಹೊಟ್ಟ್ಯಾಗ ಹುಲೀನ ಹುಟ್ಟತದ’ ಎಂದು ನಾನೂ ಕೊಚ್ಚಿಕೊಂಡೆ ನೀತಾ. ಸುಳ್ಳು ಹೇಳುವುದಿಲ್ಲ, ಎದೆ ಉಬ್ಬಿತು. ಹೋಗಿ ಪೇಢೆ ತಂದೆ. ಡಬ್ಬಿ ಖಂಡೋಬನ ಫೋಟೋದ ಮುಂದಿಟ್ಟು ಕೈಮುಗಿದೆ. ಆಗ ಯಾಕೋ ನಿನ್ನ ಆ ಕಳ್ಳನ ಮಾತು ನೆನಪಾಯಿತು. ಒದ್ದೆ ಬಟ್ಟೆ ತಗೊಂಡು ಗಾಜು ಒರೆಸಿದೆ. ಇಪ್ಪತ್ತು ವರ್ಷದ ಹಳದಿ ಬಟ್ಟೆಗೆ ಬಂತು. ಒಳಗೆ ದೇವರ ಮುಖ ಸ್ವಚ್ಛವಾಗಿ ಕಂಡಿತು. ಅಲ್ಲಿ ಭಂಡಾರವಿರಲಿಲ್ಲ, ಕೆಳಗಿನ ಮೂಲೆಯಲ್ಲಿ ಫೋಟೋ ಮಾರಿದ ಅಂಗಡಿಯವನ ಹೆಸರಿತ್ತು. ಬಟ್ಟೆ ಹಿಡಿದ ಕೈಬೆರಳು ತುರಿಸತೊಡಗಿದವು. ದೇವರ ಭಂಡಾರಕ್ಕೆ ಯಾರ ಕೈಯೂ ತುರಿಸಿದ್ದು ನಾನು ಕಂಡಿಲ್ಲ.

ಮಾಂತುವನ್ನು ಹೊರಗಿನ ಬಿಸಿಲಿಗೆ ಕರೆದೊಯ್ದು ‘ತಲಿ ಎತ್ತು’ ಅಂದೆ. ಮೂಗಿನ ಒಳಗೋಡೆಯ ಮೇಲೆ ಜೋಳದ ಕಾಳಿನಷ್ಟು ಹುಣ್ಣು. ಇನ್ನೂ ತೂತು ಬಿದ್ದಿರಲಿಲ್ಲ. ಎದುರಿನ ಗಾಡಿಯಲ್ಲಿ ವಡಾ ಕರಿಯುತ್ತಿದ್ದರು. ‘ಏನರೆ ವಾಸನಿ ಬರತದ?’ ಅಂದೆ.

‘ಬೆಳ್ಳೊಳ್ಳಿ ಬರತದ’ ಅಂದ. ‘ಎಣ್ಣಿ ಹಳೇದದ ಅಪ್ಪಾ, ಇವನ ಕಡೆ ತಿನಬ್ಯಾಡ. ನಿನಗ ಬರವಲ್ದೇನು?’

ಅವನು ಹಾಗೆ ಕೇಳಿದ. ನನಗೆ ಆ ಗಾಡಿಯಿಂದ ಏನೂ ಬರುತ್ತಿರಲಿಲ್ಲ. ಎಂಟು ವರ್ಷದಿಂದ ಏನೂ ಬರುವುದಿಲ್ಲ ನೀತಾ. ಶೇಂಗಾದ ಘಮ, ಕೇದಿಗೆ, ನಿನಗೆ ಬರೆದದ್ದೆಲ್ಲ ಹಳೆಯ ದಾಸ್ತಾನು. ಯಾರಿಗೂ ಗೊತ್ತಾಗದಂತೆ ನಿಭಾಯಿಸಿದ್ದೇನೆಂದು ನನ್ನ ಮೇಲೆ ನನಗೇ ಹೆಮ್ಮೆಯಿತ್ತು.

ಡಬ್ಬಿ ಎತ್ತಿಕೊಂಡು ಒಳಗೆ ಬಂದೆ. ಎಲ್ಲರ ಕೈಗೂ ಪೇಢೆ ಕೊಟ್ಟೆ. ‘ಮಾಂತುನ ಮೂಗು ತೆರೆದಿಲ್ರೋ. ಇನ್ನ ತೆರಿಯೂದೂ ಇಲ್ಲ. ಅದಕ್ಕ ಈ ಪೇಢೆ’ ಅಂದೆ. ಧರ್ಮರಾಜ ಬಾಯಲ್ಲಿಟ್ಟುಕೊಂಡದ್ದನ್ನು ಅಗಿಯಲೂ ಇಲ್ಲ, ಉಗುಳಲೂ ಇಲ್ಲ. ಒಬ್ಬ ನಕ್ಕ. ಇನ್ನೊಬ್ಬ ‘ಮೇಸ್ತ್ರಿಗೆ ತಲಿ ಕೆಟ್ಟದ’ ಅಂದ. ಆ ಹನ್ನೊಂದರಲ್ಲಿ ಹತ್ತು ಜನ ಅಲ್ಲೇ ನಿಂತಿದ್ದರು, ನಾನು ಪೇಢೆ ತಿನ್ನಿಸಿದವರು. ಅವರ ಮುಖ ನೋಡಲಾಗದೆ ಮಗನ ಕೈ ಹಿಡಿದು ಹೊರಗೆ ಬಂದೆ.

ಮನೆಗೆ ಬಂದು ಭೀಮವ್ವನಿಗೆ ಹೇಳಿದೆ, ‘ನನಗ ವಾಸನಿ ಬರಂಗಿಲ್ಲ.’

‘ಗೊತ್ತದ ಬಿಡ್ರಿ’ ಅಂದಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಆಗ ಹೊಳೆಯಿತು. ಎಷ್ಟೋ ವರ್ಷದಿಂದ ನನ್ನ ಮುಂದೆ ತಾಟು ಇಡುವಾಗ ಅವಳು ‘ಪುಂಡಿಪಲ್ಯ ಮಾಡೇನ್ರಿ’, ‘ಇವತ್ತ ಝುಣಕ ಅದರಿ’ ಎಂದು ಹೆಸರು ಹೇಳಿಯೇ ಇಡುತ್ತಾಳೆ. ನಾನು ‘ಆಹಾ, ಪುಂಡಿಪಲ್ಯದ ಘಮ!’ ಎನ್ನುತ್ತಿದ್ದೆ. ನನ್ನ ಜಾಣತನವೆಂದುಕೊಂಡಿದ್ದೆ. ಆ ನಿನ್ನ ಶೀಶೆಯನ್ನೂ ಮೂಸಿ ನೋಡಿದವಳು ಅವಳೇ ತಾನೇ.

ಮಾಂತು ಚಾಕಣದ ಕಡೆ ಕೆಲಸ ಹುಡುಕುತ್ತಿದ್ದಾನೆ. ಡಾಕ್ಟರು ಮುಲಾಮು ಕೊಟ್ಟಿದ್ದಾರೆ.

ಮಾಮಾ

*

ಲಖನೌ
೨ ಮಾರ್ಚ್ ೧೯೯೮

ಮಾಮಾ,

ಪತ್ರ ತೆರೆಯುವ ಮೊದಲು ಅದರ ಭಾರ ಕೈಯಲ್ಲಿ ನೋಡಿದೆ. ಭಾರವಿತ್ತು. ಮೆಟ್ಟಿಲ ಮೇಲೆ ಕೂತು ಓದಿದೆ, ಶಾಮಲಾ ಬಂದು ಎಬ್ಬಿಸುವವರೆಗೆ ಅಲ್ಲೇ ಇದ್ದೆ.

ಪೇಢೆ ನನಗೂ ಒಂದು ಇಡಬೇಕಿತ್ತು.

ನೀವೂ ತೊಟ್ಟಿ ಬಿಡಬೇಕು. ಮತ್ತೊಂದು ಕೋರಿಕೆ. ಶಾಮಲಾ ಮೇ ತಿಂಗಳಲ್ಲಿ ಪುಣೆಗೆ ಬರುತ್ತಾಳೆ, ಜೊತೆಗೆ ಒಬ್ಬ ಡಾಕ್ಟರು. ಒಪ್ಪಿದವರ ಮೂಗಿನೊಳಗಿಂದ ಸಣ್ಣ ಬ್ರಶ್ಶಿನಲ್ಲಿ ಒಂದಿಷ್ಟು ಕೋಶ ತೆಗೆಯುತ್ತಾರೆ. ಯಾವ ಪಾತ್ರೆ ತಪ್ಪಿ ಇಳಿದಿದೆ ಎಂದು ನಾನು ಇಲ್ಲಿ ನೋಡುತ್ತೇನೆ. ಆ ಹನ್ನೊಂದು ಜನ ಬರುತ್ತಾರೆಯೇ? ನೀವು ಕರೆದರೆ ಬರಬಹುದು.

ನೀತಾ

*

ಯೆರವಡಾ, ಪುಣೆ
೩೦ ಮೇ ೧೯೯೮

ಚಿ. ನೀತಾಳಿಗೆ,

ಹನ್ನೊಂದರಲ್ಲಿ ಒಂಬತ್ತು ಜನ ಬಂದರು. ಒಬ್ಬ ಊರಿಗೆ ಹೋಗಿದ್ದಾನೆ. ಇನ್ನೊಬ್ಬ ಎರಡು ವರ್ಷದ ಹಿಂದೆಯೇ ಎದೆಯ ಬೇನೆಯಿಂದ ತೀರಿದ್ದ. ಅದು ಇದರಿಂದಲೇ ಎಂದು ನಾನು ಹೇಳಲಾರೆ, ನೀನೂ ಹೇಳಲಾರೆ. ಆದರೂ ಅವನ ಮನೆಗೆ ಹೋಗಿ ಅವನ ಹೆಂಡತಿಯ ಮುಂದೆ ಸ್ವಲ್ಪ ಹೊತ್ತು ಕೂತು ಬಂದೆ. ನಾನು ಮಾತಾಡದೆ ಕೂತದ್ದು ಕಂಡು ಅವಳೇ ‘ಮೈಯಾಗ ಆರಾಮಿಲ್ಲೇನ್ರಿ ಮೇಸ್ತ್ರಿ?’ ಅಂದಳು.

ಧರ್ಮರಾಜ ಬ್ರಶ್ಶು ನೋಡಿ ಓಡಲು ನೋಡಿದ. ‘ಖಂಡೋಬಗ ಹೆದರಲಿಲ್ಲ, ಹಲ್ಲುಜ್ಜೂ ಬ್ರಶ್ಶಿಗೆ ಹೆದರತೀ?’ ಎಂದು ಕೂರಿಸಿದೆ. ನನ್ನದು ಎಲ್ಲರಿಗಿಂತ ಒಳ್ಳೆಯ ಕೋಶಗಳೆಂದು ಡಾಕ್ಟರು ಹೇಳಲಿಲ್ಲ. ಆದರೆ ಅವರ ಮುಖದ ಮೇಲೆ ಹಾಗಿತ್ತು.

ನಾನೀಗ ಪ್ಯಾಕಿಂಗ್‌ಗೆ ಬದಲಾಗಿದ್ದೇನೆ. ಸೇಠ ತೊಟ್ಟಿಯ ಮೇಲೆ ಹೊಗೆ ಎಳೆಯುವ ಫ್ಯಾನು ಕೂರಿಸಿದ್ದಾನೆ. ಸುಮ್ಮನೆ ಕೂರಿಸಲಿಲ್ಲ. ಆ ಒಂಬತ್ತು ಜನ ಮತ್ತು ನಾನು ಒಂದು ದಿನ ತೊಟ್ಟಿಗೆ ಕರೆಂಟು ಹಾಯಿಸದೆ ಕೆಲಸ ನಿಲ್ಲಿಸಿ ಕೂತೆವು.

ಮಾಮಾ

*

ಯೆರವಡಾ, ಪುಣೆ
೯ ನವೆಂಬರ್ ೨೦೦೪

ಚಿ. ಸೌ. ಡಾಕ್ಟರ್ ನೀತಾಳಿಗೆ,

ನಿನ್ನ ಪುಸ್ತಕ ಬಂತು. ಇಂಗ್ಲಿಷ್ ಇದ್ದರೇನು, ಮಾಂತು ಕೂತು ಬಿಡಿಸಿ ಹೇಳಿದ. ಎಲ್ಲ ಹುಡುಕಿದೆ, ನನ್ನ ಹೆಸರು ಎಲ್ಲೂ ಇಲ್ಲ. ‘ಹೆಸರು ಬರಿಯೂ ಹಂಗಿಲ್ಲಪ್ಪಾ, ನೀ ಕೆಲಸಗಾರ ಏಳು’ ಅಂದ. ಏಳು! ಮುಲ್ಕಿಯಲ್ಲಿ ಮೂರನೆಯವನಾಗಿದ್ದೆ, ಇಲ್ಲಿ ಏಳಕ್ಕೆ ಇಳಿಸಿದೆ. ಪರೀಕ್ಷಕರ ಕಣ್ಣು ಯಾವ ಕಾಲಕ್ಕೂ ಸರಿಯಿರುವುದಿಲ್ಲ. ಆದರೂ ಪುಸ್ತಕದ ನಕ್ಷೆಯಲ್ಲಿ ಏಳನೆಯವನ ಗೆರೆ ಬೇರೆಯವರಿಗಿಂತ ಎತ್ತರವಿದೆ ಎಂದು ಚಾಳಿನಲ್ಲೆಲ್ಲ ತೋರಿಸಿದ್ದೇನೆ. ಎತ್ತರವಿದ್ದರೆ ಕೆಟ್ಟದ್ದೆಂದು ಮಾಂತು ಆಮೇಲೆ ಹೇಳಿದ. ಅದನ್ನು ಯಾರಿಗೂ ಹೇಳಿಲ್ಲ.

ಹೋದ ತಿಂಗಳು ನಿವೃತ್ತನಾದೆ. ವರ್ಷಕ್ಕೊಮ್ಮೆ ಎದೆಯ ಫೋಟೋ ತೆಗೆಯುತ್ತಾರೆ. ಈವರೆಗೆ ಚೆನ್ನಾಗಿ ಬಂದಿದೆ. ಮಾಂತು ಚಾಕಣದ ಕಾರ್ಖಾನೆಯಲ್ಲಿ ಕಾರಿನ ಬಾಗಿಲು ಕೂರಿಸುತ್ತಾನೆ. ಅವನ ಹೆಂಡತಿ ರೇಣು ಒಲೆಯ ಮೇಲಿಟ್ಟ ಹಾಲು ಉಕ್ಕುವ ಮೊದಲೇ ಅವನು ವಾಸನೆ ಹಿಡಿದು ಹೊರಗಿನ ಖೋಲಿಯಿಂದ ‘ಹಾಲು!’ ಎಂದು ಕೂಗುತ್ತಾನೆ. ಆ ಕೂಗು ಕೇಳಿದಾಗಲೆಲ್ಲ ನಾನು ಒಂದು ಗಳಿಗೆ ಕೈಯಲ್ಲಿದ್ದದ್ದನ್ನು ಹಾಗೇ ಹಿಡಿದು ನಿಲ್ಲುತ್ತೇನೆ.

ಮೊಮ್ಮಗಳನ್ನು ಜೇಜುರಿಗೆ ಕರೆದೊಯ್ದಿದ್ದೆವು. ಭಂಡಾರ ಎರಚುವುದು ಕಂಡು ಅವಳೂ ನಿನ್ನ ಹಾಗೆಯೇ ಅತ್ತಳು. ಕೈ ತಾನಾಗಿಯೇ ದಾರಕ್ಕೆ ಹೋಯಿತು. ಭೀಮವ್ವ ನೋಡಿದಳು. ದಾರವನ್ನು ಹುಡುಗಿಯ ಮುಂಗೈಗೆ ಕಟ್ಟಿ, ಹೆಗಲ ಮೇಲೆ ಕೂರಿಸಿಕೊಂಡು ಮೆಟ್ಟಿಲು ಹತ್ತಿದೆ. ಐವತ್ತೆಂಟರ ವಯಸ್ಸಿಗೆ ಒಮ್ಮೆಯೂ ನಿಲ್ಲದೆ ಹತ್ತಿದೆ. ಎರಡು ಸಲ ನಿಂತದ್ದು ನೋಟ ನೋಡಲಿಕ್ಕೆ.

ಪುಸ್ತಕದ ಜೊತೆ ಕಳಿಸಿದ ಶೀಶೆಯೂ ಬಂತು. ಈ ಸಲ ನಾನು ಜಾಣನಾಗಿದ್ದೇನೆ. ಮುಚ್ಚಳ ತೆಗೆದು ಮೊದಲು ನಿನ್ನ ಅತ್ತೆಯ ಕೈಗೆ ಕೊಟ್ಟೆ. ಅವಳು ಕಣ್ಣು ಮುಚ್ಚಿ ಮೂಸಿದಳು.

‘ಏನದ ಹೇಳ’ ಅಂದೆ.

‘ಮಣ್ಣಿನ ವಾಸನಿರಿ. ರೋಹಿಣಿ ಮಳಿ ಮೊದಲ ಹನಿ ನಮ್ಮ ಎರಿ ಹೊಲದ ಮ್ಯಾಲ ಬಿದ್ದಾಂಗ. ನೀವು ಆವಾಗ ಬದುವಿನ ಮ್ಯಾಲ ನಿಂತು ಸೀಟಿ ಹೊಡೀತಿದ್ರಿ, ನಾ ಬುತ್ತಿ ತಗೊಂಡ ಬರತಿದ್ದೆ. ಅದ, ಅದ ವಾಸನಿ.’

ಶೀಶೆ ತಗೊಂಡು ನಾನೂ ಮೂಗಿಗೆ ಹಿಡಿದೆ. ಬದು ಕಂಡಿತು. ಬುತ್ತಿಯ ಕೆಂಪು ಅರಿವೆ ಕಂಡಿತು.

ಲಖನೌದಲ್ಲಿ ಮಣ್ಣಿನ ಅತ್ತರು ಸಿಗುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಹೋದ ಸಲ ಎಣ್ಣೆಗೂ ಅವಳು ‘ಭಾಳ ಛಲೋ ಅದರಿ’ ಅಂದಿದ್ದಳು. ಆದ್ದರಿಂದ, ಈ ಸಲವೂ ನೀನು ಶೀಶೆಯಲ್ಲಿ ಬರೀ ಎಣ್ಣೆ ತುಂಬಿಸಿದ್ದರೆ, ಅದನ್ನು ನನಗೆ ಬರೆಯಬೇಡ.

ನಿನ್ನ ಮಾಮಾ,
ರಾಮಲಿಂಗಪ್ಪ, ಕೆಲಸಗಾರ ಏಳು